ಏರಿನಲ್ಲಿ ನಿಂತ ವ್ಯಾನು

“ಗುರುಗಳೇ, ಮಠದಲ್ಲಿರುವಷ್ಟು ದಿನ ನನಗೆ ಸಿಟ್ಟೇ ಬರುವುದಿಲ್ಲ. ಅಣ್ಣನ ಮನೆಗೆ ಹೋದರೆ ಊಟಕ್ಕೆ ಕೂತಲ್ಲೇ ಬರುತ್ತದೆ. ಬಾಯಿಗೆ ಬಂದದ್ದನ್ನು ಆಡಿಬಿಡುತ್ತೇನೆ. ಖಾರ ಬಿಟ್ಟೆ, ಮೌನ ಹಿಡಿದೆ, ಪೂಜೆಯ ಹೊತ್ತನ್ನು ಹೆಚ್ಚಿಸಿದೆ. ಮತ್ತೆ ಹೋದಾಗ ಮತ್ತೆ ಅದೇ. ಈ ಸಲ ಅತ್ತಿಗೆ ತಟ್ಟೆ ಬಿಟ್ಟು ಎದ್ದು ಹೋದರು. ಇನ್ನು ಆ ಕಡೆ ಹೋಗುವುದೇ ಬೇಡ, ಇಲ್ಲೇ ಇದ್ದುಬಿಡೋಣ ಅನ್ನಿಸುತ್ತಿದೆ. ಅದು ಸರಿಯೇ?”

ಹೀಗೆ ಕೇಳಿದವನು ನಿರುಪಾದಿ ಎಂಬ ಶಿಷ್ಯ. ಗುರುಗಳು ಸರಿಯೆಂದೂ ಹೇಳಲಿಲ್ಲ, ತಪ್ಪೆಂದೂ ಹೇಳಲಿಲ್ಲ. ಒಂದು ಕತೆ ಹೇಳಿದರು.

ಒಬ್ಬ ಚಾಲಕನಿದ್ದ. ಅವನದೊಂದು ಹಳೆಯ ವ್ಯಾನು. ಸುತ್ತಲಿನ ಹಳ್ಳಿಗಳಲ್ಲಿ ಕಿಡ್ನಿ ಕೆಟ್ಟವರನ್ನು ಕೂರಿಸಿಕೊಂಡು ಪಟ್ಟಣದ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಒಯ್ಯುವುದು, ಮುಗಿದ ಮೇಲೆ ಅವರನ್ನು ಮನೆ ಮುಟ್ಟಿಸುವುದು ಅವನ ಕೆಲಸ. ಹಳ್ಳಿಗಳಿಗೂ ಪಟ್ಟಣಕ್ಕೂ ನಡುವೆ ಕಲ್ಲುಗುಡ್ಡದ ಏರು. ನೆರಳಿಲ್ಲದ ದಾರಿ. ಬೇರೆ ದಾರಿಯೂ ಇರಲಿಲ್ಲ.

ಒಂದು ಬೇಸಿಗೆಯಲ್ಲಿ ವ್ಯಾನು ಆ ಏರಿನಲ್ಲಿ ನಿಲ್ಲತೊಡಗಿತು. ಜಗ್ಗುತ್ತಿರಲಿಲ್ಲ, ಹೊಗೆ ಬಿಡುತ್ತಿರಲಿಲ್ಲ. ದೀಪ ಆರಿದಂತೆ ಎಂಜಿನ್ ಆರುತ್ತಿತ್ತು. ಕೀಲಿ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತಿತ್ತು, ಎಂಜಿನ್ ಹಿಡಿಯುತ್ತಿರಲಿಲ್ಲ. ತುಸು ಹೊತ್ತು ತಣ್ಣಗಾಗಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು.

ಪಟ್ಟಣದಲ್ಲಿ ಗಾಡಿ ರಿಪೇರಿಯ ಒಬ್ಬ ಮೇಸ್ತ್ರಿ ಇದ್ದ. ಕೆಲಸ ಬಲ್ಲವನೆಂದು ಹೆಸರಾಗಿದ್ದವನು. ಚಾಲಕ ಅವನ ಹತ್ತಿರ ಹೋದ. ಮೇಸ್ತ್ರಿ ವ್ಯಾನಿಗೆ ಸ್ಕ್ಯಾನರ್ ಜೋಡಿಸಿ ನೋಡಿದ. ಅದು ಯಾವ ದೋಷವನ್ನೂ ತೋರಿಸಲಿಲ್ಲ. ಅವನು ಪೆಟ್ರೋಲ್ ಫಿಲ್ಟರ್ ಬದಲಿಸಿದ. ಗ್ಯಾರೇಜಿನ ನೆರಳಿನಲ್ಲಿ ಎಂಜಿನ್ ಚೆನ್ನಾಗಿ ಓಡಿತು. ಇಬ್ಬರಿಗೂ ಸಂತೋಷವಾಯಿತು. ಏರಿನಲ್ಲಿ ವ್ಯಾನು ಮತ್ತೆ ನಿಂತಿತು. ಮೇಸ್ತ್ರಿ ಪಂಪು ಬದಲಿಸಿದ. ಆಮೇಲೆ ಕಿಡಿ ಹುಟ್ಟಿಸುವ ಕಾಯಿಲ್ ಬದಲಿಸಿದ. ಪ್ರತಿ ಸಲವೂ ಗ್ಯಾರೇಜಿನಲ್ಲಿ ಎಲ್ಲ ಸರಿಯಾಗಿರುತ್ತಿತ್ತು.

ಒಂದು ಸೆನ್ಸರಿನ ಮೇಲೂ ಅವನಿಗೆ ಅನುಮಾನವಿತ್ತು. ಎಂಜಿನ್ ತಿರುಗುತ್ತಿದೆ ಎಂಬ ಸುದ್ದಿಯನ್ನು ವ್ಯಾನಿನ ಕಂಪ್ಯೂಟರಿಗೆ ಮುಟ್ಟಿಸುವ ಸೆನ್ಸರು ಅದು. ಸುದ್ದಿ ನಿಂತರೆ ಪೆಟ್ರೋಲ್ ಉರಿಸುವ ಕಿಡಿಯೂ ನಿಲ್ಲುತ್ತದೆ. ಆದರೆ ಅದಿರುವುದು ಎಂಜಿನ್ನಿನ ಹಿಂಬದಿಯಲ್ಲಿ, ಗೇರ್‌ಬಾಕ್ಸ್ ಕೂಡುವ ಸಂದಿಯಲ್ಲಿ. ಕಣ್ಣಿಗೆ ಕಾಣುವುದಿಲ್ಲ, ಅಲ್ಲಿಗೆ ಕೈ ಹೋಗುವುದಿಲ್ಲ. ಹೊರಗೆ ಬಂದ ಅದರ ತಂತಿಗೆ ಮೀಟರ್ ಹಿಡಿದು ನೋಡಿದ. ಸರಿಯಾಗಿದೆ ಎಂದಿತು ಮೀಟರು. ಅಷ್ಟೆಲ್ಲ ಬಿಚ್ಚುವ ಕೆಲಸ ತಪ್ಪಿತೆಂದು ಮೇಸ್ತ್ರಿಗೆ ನಿರಾಳವಾಯಿತು.

ಒಂದು ಮಧ್ಯಾಹ್ನ ವ್ಯಾನಿನಲ್ಲಿ ಹಂಪವ್ವ ಎಂಬ ಹೆಂಗಸು ಇದ್ದಳು. ಜ್ವರ ಬಂದು ಹಿಂದಿನ ಸರದಿಯ ಡಯಾಲಿಸಿಸ್ ತಪ್ಪಿಹೋಗಿತ್ತು. ಮುಖ, ಕಾಲು ಬಾತಿದ್ದವು. ಏರಿನ ನಡುವೆ ವ್ಯಾನು ನಿಂತಿತು. ಅವಳಿಗೆ ಉಸಿರು ಕಟ್ಟತೊಡಗಿತು. ಚಾಲಕ ರಸ್ತೆಯ ನಡುವೆ ನಿಂತು ಒಂದು ಕಲ್ಲಿನ ಲಾರಿಯನ್ನು ತಡೆದ. ಅವಳನ್ನು ಎತ್ತಿ ಅದರೊಳಗೆ ಕೂರಿಸಿದ. ಹಂಪವ್ವ ಬದುಕಿಕೊಂಡಳು. ಆದರೆ ಅವಳ ಗಂಡ ಮತ್ತೆ ಆ ವ್ಯಾನಿಗೆ ಅವಳನ್ನು ಹತ್ತಿಸಲಿಲ್ಲ. ನಿಲ್ಲಲೂ ಜಾಗವಿಲ್ಲದ ಬಸ್ಸಿನಲ್ಲಿ ಕರೆದುಕೊಂಡು ಹೋಗತೊಡಗಿದ.

ಚಾಲಕ ಗ್ಯಾರೇಜಿಗೆ ಬಂದ. ಈ ಸಲ ಏನು ಬದಲಿಸಬೇಕೆಂದು ಕೇಳಲಿಲ್ಲ.

“ಮೇಸ್ತ್ರಿ, ನಿಮ್ಮ ಮುಂದೆ ಇದು ಕೆಡುವುದೇ ಇಲ್ಲ. ಕೆಡುವ ಕಡೆಗೆ ನೀವೇ ಬನ್ನಿ” ಎಂದ.

ಮೇಸ್ತ್ರಿ ರಿಪೇರಿಗೆ ನಿಂತಿದ್ದ ಉಳಿದ ಗಾಡಿಗಳ ಕಡೆ ನೋಡಿದ. ಆಮೇಲೆ ಸಾಮಾನಿನ ಚೀಲ ಎತ್ತಿಕೊಂಡು ವ್ಯಾನು ಹತ್ತಿದ.

ಉರಿಬಿಸಿಲಿನಲ್ಲಿ ಏರು ಹತ್ತಿದರು. ನಡುವೆ ಎಂಜಿನ್ ಆರಿತು. ಚಾಲಕ ಹಣೆ ಹಣೆ ಬಡಿದುಕೊಂಡ. ಮೇಸ್ತ್ರಿ ಅವಸರದಲ್ಲಿ ಕೆಳಗಿಳಿದ. ಅಷ್ಟು ದಿನ ಬರಿಯ ಕಿವಿಯಲ್ಲಿ ಕೇಳಿದ್ದನ್ನು ಅವನು ಆವತ್ತು ಕಣ್ಣಾರೆ ಕಂಡಿದ್ದ. ಪೆಟ್ರೋಲ್ ಬರುತ್ತಿದೆಯೇ ನೋಡಿದ, ಬರುತ್ತಿತ್ತು. ಕಿಡಿ ನೋಡಿದ, ಇರಲಿಲ್ಲ. ಕಾದ ರಸ್ತೆಯ ಮೇಲೆ ಗೋಣಿ ಹಾಸಿ ವ್ಯಾನಿನ ಕೆಳಗೆ ಮಲಗಿದ. ಒಂದು ರಬ್ಬರ್ ಕೊಳವೆಯ ತುದಿಯನ್ನು ಆ ಸಂದಿಗೆ ತೂರಿಸಿ, ಸೆನ್ಸರಿನ ಮೇಲೆ ತಣ್ಣೀರು ಬಿಟ್ಟ. ಕೀಲಿ ತಿರುಗಿಸಲು ಹೇಳಿದ. ಎಂಜಿನ್ ಹಿಡಿಯಿತು.

“ಸಿಕ್ಕಿತಲ್ಲ ಮೇಸ್ತ್ರಿ, ನಡೆಯಿರಿ ಹೋಗೋಣ.”

“ತಡಿ. ತಾನಾಗಿಯೇ ತಣ್ಣಗಾಗಿ ಹಿಡಿದಿದ್ದರೆ? ಇನ್ನೊಮ್ಮೆ ಕೆಡಲಿ.”

ಇನ್ನೊಮ್ಮೆ ಕೆಡಲಿ ಎಂಬ ಮಾತು ಚಾಲಕನಿಗೆ ಹಿಡಿಸಲಿಲ್ಲ. ಆದರೂ ಕಾದ. ಎಂಜಿನ್ ಕಾಯ್ದು ಮತ್ತೆ ಆರಿತು. ಮೇಸ್ತ್ರಿ ಮೊದಲು ಕಾಯಿಲಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿದ. ಹಿಡಿಯಲಿಲ್ಲ. ಸೆನ್ಸರಿನ ಮೇಲೆ ನೀರು ಬಿಟ್ಟ. ಕೂಡಲೇ ಹಿಡಿಯಿತು. ಆ ಸೆನ್ಸರಿನೊಳಗಿನ ತಂತಿಯ ಎಳೆ ಕಾದಾಗ ಬಿಟ್ಟುಕೊಳ್ಳುತ್ತಿತ್ತು, ತಣ್ಣಗಾದಾಗ ಕೂಡಿಕೊಳ್ಳುತ್ತಿತ್ತು.

ಗ್ಯಾರೇಜಿಗೆ ಮರಳಿದರು. ಅದನ್ನು ತೆಗೆಯುವುದು ಸುಲಭವಾಗಲಿಲ್ಲ. ಗಾಳಿಯ ಕೊಳವೆ ಬಿಚ್ಚಬೇಕಾಯಿತು. ಆ ಗಾಳಿಯನ್ನು ಎಂಜಿನ್ನಿಗೆ ಹಂಚುವ ಮ್ಯಾನಿಫೋಲ್ಡ್ ಇಳಿಸಬೇಕಾಯಿತು. ಬಿಚ್ಚಿದ ಸಾಮಾನು ನೆಲದ ತುಂಬ ಹರಡಿತು. ಚಾಲಕನಿಗೆ ಜೀವ ತಡೆಯಲಿಲ್ಲ.

“ಕೆಡದೆ ಇದ್ದದ್ದನ್ನೆಲ್ಲ ಬಿಚ್ಚಿ ಹಾಕಿದಿರಲ್ಲ!”

“ಕೆಟ್ಟದ್ದು ಇವುಗಳ ಹಿಂದಿದೆ” ಎಂದ ಮೇಸ್ತ್ರಿ.

ಸೆನ್ಸರಿನ ಬೋಲ್ಟು ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ಕಾದು, ಒಂದಿಷ್ಟು ಸಡಿಲಿಸಿ, ಮತ್ತೆ ಎಣ್ಣೆ ಬಿಟ್ಟು ಕಾದ. ಬೋಲ್ಟು ಬಂತು. ಸೆನ್ಸರು ಬರಲಿಲ್ಲ. ಎಳೆದಾಗ ಮುರಿಯಿತು, ಅರ್ಧ ಒಳಗೇ ಉಳಿಯಿತು. ಮೇಸ್ತ್ರಿ ಸುಮ್ಮನೆ ನೆಲದ ಮೇಲೆ ಕೂತುಬಿಟ್ಟ. ಚಾಲಕ ಚಹ ತರಿಸಿದ. ಮೇಸ್ತ್ರಿ ಕುಡಿದು ಎದ್ದು, ಉಳಿದದ್ದನ್ನು ಚೂರು ಚೂರಾಗಿ ಕಿತ್ತ. ಒಂದು ಚೂರೂ ಒಳಗೆ ಬೀಳದಂತೆ ನೋಡಿಕೊಂಡ. ಬೆರಳ ಗೆಣ್ಣುಗಳು ಸುಲಿದವು. ಹೊಸದನ್ನು ಕಾಣದ ಜಾಗದಲ್ಲಿ ತಡವಿ ತಡವಿ ಕೂರಿಸಿದ. ಬಿಚ್ಚಿದ್ದನ್ನೆಲ್ಲ ಮತ್ತೆ ಜೋಡಿಸಿದ.

ಮರುದಿನ ಬಿಸಿಲು ಏರಿದ ಮೇಲೆ ಚಾಲಕ ಖಾಲಿ ವ್ಯಾನನ್ನು ಗುಡ್ಡಕ್ಕೆ ಒಯ್ದ. ಹತ್ತಿದ, ಇಳಿದ, ಮತ್ತೆ ಹತ್ತಿದ. ಬಿಸಿಲು ಇಳಿಯುವವರೆಗೂ ಎಂಜಿನ್ ಆರಲಿಲ್ಲ. ಅಲ್ಲಿಂದ ನೇರ ಹಂಪವ್ವನ ಮನೆಗೆ ಹೋದ. ಅವಳ ಗಂಡ ಬಾಗಿಲಲ್ಲಿ ನಿಂತ. ಬಾ ಎನ್ನಲಿಲ್ಲ. ಒಳಗಿನಿಂದ ಹಂಪವ್ವನೇ ಕೇಳಿದಳು:

“ಏರಿನಲ್ಲಿ ನಿಲ್ಲಲಿಲ್ಲವೇನೋ ತಮ್ಮಾ?”

“ಇಲ್ಲಕ್ಕಾ.”

ಮುಂದಿನ ಸರದಿಗೆ ಅವಳು ವ್ಯಾನಿನಲ್ಲೇ ಹೋದಳು. ಗಂಡನೂ ಜೊತೆಗೆ ಹತ್ತಿದ. ಏರು ದಾಟುವವರೆಗೆ ಅವನು ಮುಂದಿನ ಸೀಟನ್ನು ಬಿಗಿಯಾಗಿ ಹಿಡಿದಿದ್ದ. ದಾಟಿದ ಮೇಲೆ ಕೈ ಬಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ನಿರುಪಾದಿ ಕೈ ಮುಗಿದು ಹೇಳಿದ:

“ತಿಳಿಯಿತು ಗುರುಗಳೇ. ನನ್ನ ದೋಷ ಬಹಳ ಒಳಗಿದೆ. ಅಪ್ಪಣೆಯಾದರೆ ಮಠದ ಹಿಂದಿನ ಗವಿಯಲ್ಲಿ ಒಬ್ಬನೇ ಕೂತು ಅದನ್ನು ಹುಡುಕುತ್ತೇನೆ.”

ಗುರುಗಳು ಹೇಳಿದರು:

“ನಾಳೆ ನಿನ್ನ ಅಣ್ಣನ ಮನೆಗೆ ಊಟಕ್ಕೆ ಹೋಗೋಣ, ನಾನೂ ಬರುತ್ತೇನೆ.”