ಎರಡು ಬಾನಿ ಗೊಬ್ಬರದ ನೀರು

"ಗುರುಗಳೇ, ನಿನ್ನೆಯ ವಾದದಲ್ಲಿ ನಾನು ಗೆದ್ದೆ. ಸಭೆಯೂ ಒಪ್ಪಿತು. ಎದುರಾಳಿ ಮಾತ್ರ ಸೋಲೊಪ್ಪದೆ ಎದ್ದುಹೋದ. ಸತ್ಯ ನನ್ನ ಕಡೆ ಇದ್ದರೂ ಅವನೇಕೆ ಒಪ್ಪಲಿಲ್ಲ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಹೊನ್ನಾಜಮ್ಮ ಎಂಬ ರೈತ ಹೆಂಗಸಿದ್ದಳು. ಅವಳೂರಿನ ವೀಳ್ಯದೆಲೆ ತೋಟಗಳಿಗೆಲ್ಲ ರೋಗ ಬಿತ್ತು. ಎಲೆಗಳು ಹಳದಿಯಾಗಿ ಉದುರತೊಡಗಿದವು. ಆಗ ಒಬ್ಬ ವ್ಯಾಪಾರಿ ಗಾಡಿಯಲ್ಲಿ ಎರೆಹುಳು ಗೊಬ್ಬರ ಹೇರಿಕೊಂಡು ಬಂದ. ಅದನ್ನು ಬೆಲ್ಲದ ನೀರಿನಲ್ಲಿ ನೆನೆಹಾಕಿ, ಒಂದು ಹಗಲು ಬಿಡದೆ ಕಲಕಿ, ಸೋಸಿ ಬಳ್ಳಿಗೆ ಚಿಮುಕಿಸಿದರೆ ತೋಟ ಉಳಿಯುತ್ತದೆ ಎಂದ. ಊರವರು ನಂಬಿದರು.

ಹೊನ್ನಾಜಮ್ಮನಿಗೆ ತನ್ನ ಹಿತ್ತಲ ಗುಂಡಿಯ ಗೊಬ್ಬರದ ಮೇಲೆ ಅಭಿಮಾನ. ಸೊಪ್ಪು, ಸಗಣಿ, ಬೂದಿ ಹಾಕಿ ಎರಡು ವರ್ಷ ಕೊಳೆಸಿದ ಗೊಬ್ಬರ ಅದು. "ನೀನು ಹೇಳಿದ ಹಾಗೆಯೇ ಎರಡನ್ನೂ ಮಾಡಿ ನೋಡೋಣ. ಗೆದ್ದದ್ದನ್ನೇ ಊರೆಲ್ಲ ಹಾಕಲಿ" ಎಂದಳು.

ಎರಡು ದೊಡ್ಡ ಮಣ್ಣಿನ ಬಾನಿ ಇಟ್ಟು, ಒಂದರಲ್ಲಿ ವ್ಯಾಪಾರಿಯ ಗೊಬ್ಬರ, ಇನ್ನೊಂದರಲ್ಲಿ ತನ್ನದು ನೆನೆಹಾಕಿ ಕಲಕಿದಳು. ತೋಟದ ಎಡಭಾಗಕ್ಕೆ ವ್ಯಾಪಾರಿಯ ನೀರು, ಬಲಭಾಗಕ್ಕೆ ತನ್ನದು. ಹತ್ತು ದಿನಕ್ಕೆ ಬಲಭಾಗ ಚಿಗುರಿತು. ಎಡಭಾಗ ಹಾಗೆಯೇ ಬಾಡಿ ನಿಂತಿತು. ಊರವರು ಅವಳ ಅಂಗಳದಲ್ಲಿ ಸೇರಿ ಹೊಗಳಿದರು. ವ್ಯಾಪಾರಿ ಮೂಟೆಗಳನ್ನು ಗಾಡಿಗೆ ಹೇರತೊಡಗಿದ.

ಹೊನ್ನಾಜಮ್ಮನಿಗೆ ಅಂದು ಊಟ ಸೇರಲಿಲ್ಲ. ತನ್ನ ಬಾನಿಯನ್ನು ಅವಳು ಸಂಜೆಯವರೆಗೆ ಕಲಕಿದ್ದಳು. ವ್ಯಾಪಾರಿಯದನ್ನು ನೆನಪಾದಾಗ ನಾಲ್ಕು ಸುತ್ತು ತಿರುವಿ ಬಿಟ್ಟಿದ್ದಳು. ಬೇಕೆಂದು ಮಾಡಿದ್ದಲ್ಲ. ಆದರೆ ಕೈಗೆ ಗೊತ್ತಿತ್ತು.

ಅವಳು ಗಾಡಿಯ ಹತ್ತಿರ ಹೋಗಿ ಎಲ್ಲರೆದುರು ಹೇಳಿದಳು: "ಮೂಟೆ ಇಳಿಸಣ್ಣ. ನಿನ್ನ ಬಾನಿಯನ್ನು ನಾನು ಸರಿಯಾಗಿ ಕಲಕಲಿಲ್ಲ. ಇನ್ನೊಂದು ಸಲ ನೋಡೋಣ. ಈ ಸಲ ನಿನ್ನದನ್ನು ನಾನು ಕಲಕುತ್ತೇನೆ, ನನ್ನದನ್ನು ನೀನು ಕಲಕು."

"ಗೆದ್ದಾಗಿದೆಯಲ್ಲಮ್ಮ. ಈಗ ಸೋತರೆ?" ಎಂದ ವ್ಯಾಪಾರಿ.

"ಸೋತರೆ ನನ್ನ ಗುಂಡಿ ಮುಚ್ಚುತ್ತೇನೆ."

ಮರುದಿನ ಬೆಳಗಿನಿಂದ ಇಬ್ಬರೂ ಎದುರುಬದುರು ಕೂತರು. ಹೊನ್ನಾಜಮ್ಮ ಅವನ ಬಾನಿಯನ್ನು ತನ್ನದೇ ಎಂಬಂತೆ ಕಲಕಿದಳು. ಮಧ್ಯಾಹ್ನಕ್ಕೆ ಭುಜ ಸೋತಿತು, ಕೈ ಬದಲಿಸಿದಳು, ನಿಲ್ಲಿಸಲಿಲ್ಲ. ಅದನ್ನು ನೋಡುತ್ತ ಅವಳ ಬಾನಿ ಕಲಕುತ್ತಿದ್ದ ವ್ಯಾಪಾರಿಗೂ ಕೈ ತಡೆಯಲು ಮನಸ್ಸಾಗಲಿಲ್ಲ. ರೋಗ ಹಿಡಿದ ಇನ್ನೊಂದು ತೋಟವನ್ನು ಎರಡು ಪಾಲು ಮಾಡಿ ಚಿಮುಕಿಸಿದರು.

ಹದಿನೈದು ದಿನ ಕಳೆಯಿತು. ಈ ಸಲ ವ್ಯಾಪಾರಿಯ ಪಾಲಿನ ಬಳ್ಳಿಗಳೂ ಜೀವ ಹಿಡಿದವು. ಹೊನ್ನಾಜಮ್ಮನ ಪಾಲಿನಲ್ಲಿ ಗೆಣ್ಣು ಗೆಣ್ಣಿಗೂ ಅಂಗೈ ಅಗಲದ ಎಲೆ ಒಡೆದಿತ್ತು. ವ್ಯಾಪಾರಿ ಸಾಲು ಸಾಲು ನಡೆದು, ಎಲೆ ಮುಟ್ಟಿ ನೋಡಿ ಬಂದು, ಊರವರಿಗೆ ತಾನೇ ಹೇಳಿದ: "ನನ್ನದು ಒಳ್ಳೆಯದೇ. ಈ ಮಣ್ಣಿಗೆ ಇವರದು ಇನ್ನೂ ಒಳ್ಳೆಯದು." ಹೋಗುವಾಗ ಹೊನ್ನಾಜಮ್ಮನ ಗೊಬ್ಬರ ಒಂದು ಬುಟ್ಟಿ ಕೇಳಿ ಪಡೆದ. ಆ ವರ್ಷ ಊರಿನಲ್ಲಿ ಗುಂಡಿ ತೋಡದ ಮನೆಯಿರಲಿಲ್ಲ. ಎಲೆ ಉದುರುತ್ತಿದ್ದ ತೋಟಗಳಿಂದ ಎಲೆಯ ಪಿಂಡಿಗಳು ಗಾಡಿಗಟ್ಟಲೆ ಸಂತೆಗೆ ಹೊರಟವು.

ಶಿಷ್ಯನ ಮುಖ ಅರಳಿತು. "ಕೊನೆಗೂ ಸತ್ಯವೇ ಗೆದ್ದಿತಲ್ಲ, ಗುರುಗಳೇ" ಎಂದ.

"ನಿನ್ನೆ ನೀನು ಎದುರಾಳಿಯ ಬಾನಿಯನ್ನು ಎಷ್ಟು ಹೊತ್ತು ಕಲಕಿದೆ?" ಎಂದರು ಗುರುಗಳು.

ಶಿಷ್ಯ ಎದ್ದು ಎದುರಾಳಿಯ ಮನೆಯ ದಾರಿ ಹಿಡಿದ.