ಅಡವೀಶನಿಗೆ ಕೇಳಿದ ನಾದ

ಮಲಪ್ರಭೆಯ ದಂಡೆಯ ಆ ಆಶ್ರಮದಲ್ಲಿ ಅಡವೀಶನಷ್ಟು ಗಟ್ಟಿ ಶಿಷ್ಯ ಇನ್ನೊಬ್ಬನಿರಲಿಲ್ಲ ಬಿಡಿ. ಕೈಗೆ ಕಂಕಣ ಕಟ್ಟಿಸಿಕೊಂಡು ನಲವತ್ತೆಂಟು ದಿನದ ವ್ರತ ಹಿಡಿದಿದ್ದ. ಅದು ಮುಗಿದ ಮರುದಿನವೇ ದೀಕ್ಷೆ. ಆ ದೀಕ್ಷೆಗಾಗಿ ಎಂಟು ವರ್ಷ ಕಾದಿದ್ದ.

ಇನ್ನು ಮೂರೇ ದಿನ ಎನ್ನುವಾಗ, ಒಂದು ಬೆಳಿಗ್ಗೆ ಏದುಸಿರು ಬಿಡುತ್ತ ಬಂದು ಗುರುಗಳ ಕಾಲಿಗೆ ಬಿದ್ದ.

"ಅಜ್ಜಾರ, ಕೇಳಿಸ್ತರೀ! ಅನಾಹತ ನಾದ ಕೇಳಿಸ್ತು!"

ಯಾರೂ ಬಾರಿಸದೆ ಎದೆಯೊಳಗೆ ತಾನೇ ಹುಟ್ಟುವ ಆ ನಾದಕ್ಕಾಗಿ ಜನ್ಮ ಸವೆಸಿದವರಿದ್ದಾರೆ. ಗುರು ಬೂದಯ್ಯಜ್ಜ ಮಾತ್ರ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಿದ್ದರು.

"ಹೆಂಗ ಕೇಳ್ತದ?"

"ಕಣ್ಣು ಮುಚ್ಚಿ ಕುಂತ್ರ ಸಾಕ್ರಿ, ಕುಲುಮ್ಯಾಗ ತಿದಿ ಒತ್ತಿದಂಗ... ಹುಸ್, ಹುಸ್."

"ಮತ್ತ?"

"ಸಂಜಿಗೆ ಮೈ ಕಾಯ್ತದರಿ, ತಪದ ಬೆಂಕಿ! ಬೆವತು ಹಾಸಿಗಿ ತೊಯ್ತದ. ಉಗುರಾಗ ಕೆಂಪು ಗೆರಿ ಮೂಡ್ಯಾವ, ನೋಡ್ರಿ."

"ಯಾವಾಗಿಂದ?"

"ನಾದ ನಿನ್ನಿಯಿಂದ್ರಿ, ಮೈ ಕಾಯಾಕ ಹತ್ತಿ ಎರಡು ತಿಂಗಳಾತ್ರಿ. ಹುಳುಕು ಹಲ್ಲು ದಾರ ಕಟ್ಟಿ ನಾನ ಕಿತ್ಕೊಂಡ್ನಲ್ರೀ, ಅದಾದ ಮ್ಯಾಲೆ. ಕೀವು ಬಂದ್ರೂ ಒಂಚೂರು ನರಳಲಿಲ್ರಿ."

ಬೂದಯ್ಯಜ್ಜ ಶಿಷ್ಯನ ಎದೆಗೆ ಕಿವಿ ಹಚ್ಚಿದರು. ಬಹಳ ಹೊತ್ತು ಹಾಗೇ ಇದ್ದರು.

ಇನ್ನೇನು ಬೆನ್ನು ತಟ್ಟುತ್ತಾರೆ ಎಂದು ಅಡವೀಶ ಕಾದ. ಅಜ್ಜ ಚಾಕು ತೆಗೆದುಕೊಂಡು ಅವನ ಕೈಯ ಕಂಕಣವನ್ನು ಕಚಕ್ಕನೆ ಕೊಯ್ದುಬಿಟ್ಟರು.

ಅಡವೀಶನಿಗೆ ಗರ ಬಡಿದಂತಾಯಿತು.

"ಅಜ್ಜಾರ! ಮೂರ... ಮೂರ ದಿನ ಉಳಿದಿತ್ತಲ್ರೀ!"

"ವ್ರತ ಮುಗೀತು. ನಡಿ ದವಾಖಾನಿಗೆ. ಟಂಟಂ ಹತ್ತು."

ದಾರಿಯುದ್ದಕ್ಕೂ ಅವನು ಗುರುಗಳ ಮುಖ ನೋಡಲಿಲ್ಲ.

ಡಾಕ್ಟರಮ್ಮ ಅವನ ಎದೆಯ ಮೇಲೆ ಯಂತ್ರ ಆಡಿಸಿ ಪರದೆ ತೋರಿಸಿದರು. ಹೃದಯದ ಕವಾಟ ತೆರೆದು ಮುಚ್ಚುತ್ತಿತ್ತು. ಅದರ ಅಂಚಿಗೆ ಪಾಚಿಯಂಥದೊಂದು ಮುದ್ದೆ ಜೋತಾಡುತ್ತಿತ್ತು.

"ಹಲ್ಲಿನ ಸೋಂಕು ರಕ್ತದಲ್ಲಿ ಬಂದು ಇಲ್ಲಿ ಕೂತಿದೆ. ಜ್ವರ, ಉಗುರಿನ ಗೆರೆ ಎಲ್ಲಾ ಅದರಿಂದಲೇ. ಕವಾಟ ಬಾತು, ಈಗ ತೂತೂ ಬಿದ್ದಿದೆ. ಪ್ರತಿ ಬಡಿತಕ್ಕೂ ರಕ್ತ ಹಿಂದಕ್ಕೆ ಸೋರ್ತಾ ಇದೆ. ನಿಮಗೆ ಕೇಳಿಸ್ತಿರೋ ಸದ್ದು ಅದೇ."

"ಬಿಟ್ಟಿದ್ರ ಏನಾಗ್ತಿತ್ತವ್ವಾ?" ಅಜ್ಜ ಕೇಳಿದರು.

"ಮುದ್ದೆಯ ಒಂದು ಚೂರು ಕಿತ್ತು ಮಿದುಳಿಗೆ ಹೋಗಿದ್ರೆ ಲಕ್ವ. ಇಲ್ಲಾಂದ್ರೆ ಹೃದಯವೇ ಸೋತುಹೋಗ್ತಿತ್ತು. ಆರು ವಾರ ಇಂಜೆಕ್ಷನ್ ಕೊಡ್ತೀವಿ. ಆಮೇಲೆ ಕವಾಟವನ್ನೇ ಬದಲಿಸಬೇಕಾದೀತು."

ಅಡವೀಶ ಎದ್ದು ಕೂತ. ಮಂಚದ ಕಂಬಿ ಹಿಡಿದುಕೊಂಡ.

"ಅಜ್ಜಾರ, ನಾ ಸಾಯೋ ಸದ್ದನ್ನ ಕೈ ಮುಗಿದು ಕೇಳ್ಕೋತ ಕುಂತಿದ್ನಲ್ರೀ!"

ಅಜ್ಜ ಅವನ ಹೊದಿಕೆ ಸರಿ ಮಾಡಿದರು.

ಅವನು ಮೆಲ್ಲಗೆ ಕೇಳಿದ: "ಖರೇ ನಾದ ಹೆಂಗಿರ್ತದಂತ ನಿಮಗ ಗೊತ್ತದ. ಅದಕ್ಕ ಇದು ಅದಲ್ಲಂತ ತಿಳೀತು. ಹೌದಲ್ರೀ?"

"ನಲವತ್ತು ವರ್ಷಾತಪಾ ನಾ ಧ್ಯಾನಕ್ಕ ಕುಂತು. ನನ್ನ ಎದ್ಯಾಗ ಇನ್ನೂ ಏನೂ ಕೇಳಿಲ್ಲ. ಅದಕ್ಕ ನಿಂದು ಕೇಳ್ತು."