ಹೆಸರೆತ್ತಬಾರದ ಗಡ್ಡೆ

ಅತ್ತೆ ಹಾಸಿಗೆ ಹಿಡಿದಾಗ ಸೊಸೆ ವನಜಾಕ್ಷಿಯ ಹತ್ತಿರ ಒಂದು ತುತ್ತು ಆಲೂಗಡ್ಡೆ ಪಲ್ಯ ಕೇಳಿದ್ದರು. "ಮಡಿ ಹೆಂಗಸಿಗೆ ಅದೆಲ್ಲ ಯಾಕೆ? ಎಲ್ಲಿಂದಲೋ ಬಂದ ಗಡ್ಡೆ, ಎಲ್ಲಿಂದಲೋ ಬಂದ ಹೆಸರು" ಎಂದು ದೊಡ್ಡ ಮಾವ ಶ್ರೀಕಂಠಯ್ಯ ತಡೆದರು. ಅತ್ತೆ ಆ ಆಸೆಯಲ್ಲೇ ಹೋದರು.

ವರ್ಷದ ತಿಥಿಯ ದಿನ ಅದೇ ಮಾವ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. "ಇವತ್ತು ಆ ಗಡ್ಡೆಯ ಹೆಸರು ಯಾರ ಬಾಯಲ್ಲಿ ಬಂದರೂ ತಿಥಿ ಕೆಟ್ಟ ಹಾಗೆ. ಸ್ನಾನದಿಂದ ಹಿಡಿದು ಎಲ್ಲ ಮತ್ತೆ ಮಾಡಬೇಕು."

"ಆಗಲಿ ಮಾವ" ಅಂದಳು ವನಜಾಕ್ಷಿ.

ಮಧ್ಯಾಹ್ನ ಎಲೆಗಳಿಗೆ ಅರಿಸಿನ ಬಣ್ಣದ ಪಲ್ಯ ಬಿತ್ತು. ಮಾವನ ಮುಖ ಕಪ್ಪಿಟ್ಟಿತು.

"ಇದು ನಿಷಿದ್ಧ. ತೆಗಿ."

"ಯಾವುದು ನಿಷಿದ್ಧ ಅಂತ ಹೆಸರು ಹಿಡಿದು ಹೇಳಿ ಮಾವ, ತೆಗೀತೀನಿ."

ಮಾವ ಬಾಯಿ ತೆರೆದರು. ಬೆಳಗಿನಿಂದ ಉಪವಾಸವಿದ್ದ ಪುರೋಹಿತರು ಅವರನ್ನೇ ನೋಡಿದರು. "ಯೋಚನೆ ಮಾಡಿ ಹೇಳಿ ಯಜಮಾನರೇ. ನೀವು ಹೇಳಿದರೆ ನಾವೆಲ್ಲ ಮತ್ತೆ ಸ್ನಾನಕ್ಕೆ ಏಳಬೇಕು."

ಮಾವ ಬಾಯಿ ಮುಚ್ಚಿದರು. ಆಮೇಲೆ ತಲೆ ತಗ್ಗಿಸಿ ಅದನ್ನೇ ಅನ್ನಕ್ಕೆ ಕಲಸಿಕೊಂಡರು.

ವನಜಾಕ್ಷಿ ಅತ್ತೆಯ ಹೆಸರಲ್ಲಿ ಹಾಕಿದ್ದ ಎಲೆಯ ಮುಂದೆ ಬಂದಳು. ಒಂದು ಸೌಟು ಬಡಿಸಿದಳು, ಇನ್ನೊಂದು ಬಡಿಸಿದಳು. ಸಾಕು ಅನ್ನುವವರು ಅಲ್ಲಿ ಯಾರೂ ಇರಲಿಲ್ಲ.